ತಾರಸಿ ಮೇಲಿನ ಬಿಸಿಲು ಯಂತ್ರ: ಹತ್ತು ತಿಂಗಳು ಬಳಸಿದ ಮೇಲೆ

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ ಶಾಪ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಸ್ವಿಚ್‌ಗೇರ್ ಕಂಪನಿಗಳಿಗೆ ಬೇಕಾಗುವ ತಾಮ್ರದ ಕಾಂಟ್ಯಾಕ್ಟು, ಬಸ್‌ಬಾರುಗಳಿಗೆ ಬೆಳ್ಳಿ ಲೇಪಿಸುವುದು ನಮ್ಮ ಮುಖ್ಯ ಕೆಲಸ. ಜೊತೆಗೆ ತಾಮ್ರ, ನಿಕಲ್, ಸ್ವಲ್ಪ ಕ್ರೋಮ್. ಕಳೆದ ಜನವರಿ ಕೊನೆಯಲ್ಲಿ ತಾರಸಿ ಮೇಲೆ ಬಿಸಿಲಿನಿಂದ ಕೊಳೆನೀರು ಶುದ್ಧ ಮಾಡಿ ಲೋಹ ವಾಪಸ್ ಕೊಡುವ ಯಂತ್ರ ಹಾಕಿಸಿದೆ. ಅಂದಿನಿಂದ ಅಕ್ಕಪಕ್ಕದ ಶಾಪಿನವರು ವಾರಕ್ಕೊಬ್ಬರಾದರೂ ಬಂದು ಮೆಟ್ಟಿಲು ಹತ್ತಿ ನೋಡಿ, "ಹಾಕಿಸಬಹುದಾ?" ಅಂತ ಕೇಳುತ್ತಾರೆ. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಯಂತ್ರ ಕೊಟ್ಟವರ ಹೆಸರು ಹಾಕುವುದಿಲ್ಲ. ಸಣ್ಣ ಕಂಪನಿ, ಇನ್ನೂ ಕಲಿಯುತ್ತಿದ್ದಾರೆ. ನಾನು ಬರೆಯುತ್ತಿರುವುದು ಯಂತ್ರದ ಬಗ್ಗೆ.

ಮೊದಲು ನಾನು ಇದಕ್ಕೆ ಯಾಕೆ ಕೈ ಹಾಕಿದೆ ಅಂತ ಹೇಳಬೇಕು. ಬೆಳ್ಳಿ ಬಾತ್‌ನಿಂದ (ಬೆಳ್ಳಿ, ಸಯನೈಡ್ ಕರಗಿರುವ ಲೇಪನದ ತೊಟ್ಟಿ) ಪೀಸ್ ಮೇಲೆತ್ತಿದಾಗ ಅದರ ಮೈಗೆ ಅಂಟಿಕೊಂಡ ದ್ರಾವಣ ರಿನ್ಸ್ ತೊಟ್ಟಿಗೆ, ಅಂದರೆ ಪೀಸ್ ತೊಳೆಯುವ ನೀರಿಗೆ, ಹೋಗುತ್ತದೆ. ನಾವು ಡ್ರ್ಯಾಗ್ ಔಟ್ ಅನ್ನುತ್ತೇವೆ. ಅಪ್ಪ ಹುಡುಗರ ಪಕ್ಕದಲ್ಲೇ ನಿಂತು, "ಹತ್ತು ಎಣಿಸು, ತೊಟ್ಟಿಕ್ಕಲಿ, ಆಮೇಲೆ ರಿನ್ಸ್‌ಗೆ ಹಾಕು" ಅನ್ನುತ್ತಿದ್ದರು. ಎಷ್ಟು ಎಣಿಸಿದರೂ ಒಂದಿಷ್ಟು ಹೋಗೇ ಹೋಗುತ್ತದೆ. ಮೊದಲನೇ ರಿನ್ಸ್ ಗಟ್ಟಿ ಇರುತ್ತದೆ, ಅದರ ಬೆಳ್ಳಿ ತೆಗೆಯಲು ಅಪ್ಪನ ಕಾಲದ ಎಲೆಕ್ಟ್ರಾಲಿಸಿಸ್ ತೊಟ್ಟಿ ಇದೆ. ಎರಡನೇ ರಿನ್ಸ್ ತೆಳು. ಅಷ್ಟು ತೆಳು ನೀರಿನಿಂದ ಕರೆಂಟ್ ಹಾಯಿಸಿ ಬೆಳ್ಳಿ ತೆಗೆಯುವುದು ಗಿಟ್ಟುವುದಿಲ್ಲ. ಹಾಗಾಗಿ ಅದಕ್ಕೆ ಹೈಪೋಕ್ಲೋರೈಟ್ (ಬ್ಲೀಚಿಂಗ್ ದ್ರಾವಣ, ನಾವು ಹೈಪೋ ಅನ್ನುತ್ತೇವೆ) ಸುರಿದು ಸಯನೈಡ್ ನಾಶ ಮಾಡುತ್ತಿದ್ದೆವು. ಬೆಳ್ಳಿ ಕ್ಲೋರೈಡ್ ಆಗಿ ತಳದ ಕೆಸರು, ಅಂದರೆ ಸ್ಲಡ್ಜ್, ಸೇರುತ್ತಿತ್ತು. ಆ ಸ್ಲಡ್ಜನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಮೂಟೆ ಕಟ್ಟಿ, ತೂಕಕ್ಕೆ ದುಡ್ಡು ಕೊಟ್ಟು ದಾಬಸ್‌ಪೇಟೆ ಕಡೆ ಕಳಿಸಬೇಕು. ಅಂದರೆ ನನ್ನ ಬೆಳ್ಳಿಯನ್ನು ನಾನೇ ಕಾಸು ಕೊಟ್ಟು ಹೂಳಿಸುತ್ತಿದ್ದೆ. ಬೆಳ್ಳಿ ಕಿಲೋಗೆ ಒಂದು ಲಕ್ಷ ದಾಟಿದ ಮೇಲೆ ಇದನ್ನು ನೆನೆದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಚಿಕ್ಕವನಿದ್ದಾಗ ಅಪ್ಪನ ಜೊತೆ ನಗರ್ತಪೇಟೆಗೆ ಹೋಗುತ್ತಿದ್ದೆ. ಅಲ್ಲಿ ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು ಗುಡಿಸಿ, ಬಾಣಲೆಯಲ್ಲಿ ತೊಳೆದು ತೊಳೆದು ಚಿನ್ನದ ಕಣ ತೆಗೆಯುವವರು ಕೂತಿರುತ್ತಿದ್ದರು. ಜಲಗಾರರು ಅಂತ ಹಳಬರು ಕರೆಯುತ್ತಾರೆ. ಬೀದಿ ಮಣ್ಣಿನಲ್ಲೂ ಇವರಿಗೆ ಚಿನ್ನ ಸಿಗುತ್ತದೆ, ನಮ್ಮ ತೊಟ್ಟಿಯಲ್ಲೇ ಇರುವ ಬೆಳ್ಳಿ ನಮಗೆ ಸಿಗುವುದಿಲ್ಲವಲ್ಲ ಅಂತ ಎಷ್ಟೋ ಸಲ ಅನ್ನಿಸಿದೆ.

ಈಗ ಯಂತ್ರಕ್ಕೆ ಬರೋಣ. ನೋಡಲು ಸೋಲಾರ್ ವಾಟರ್ ಹೀಟರಿನ ಅಣ್ಣನ ಹಾಗಿದೆ. ಸಾಲಾಗಿ ಗಾಜಿನ ಕೊಳವೆಗಳು, ಪ್ರತಿ ಕೊಳವೆಯ ಕೆಳಗೆ ಬಾಗಿದ ಅಲ್ಯೂಮಿನಿಯಂ ತಗಡು. ನೀರು ಕುಡಿಯಲು ಬೊಗಸೆ ಒಡ್ಡುತ್ತೇವಲ್ಲ, ಆ ತಗಡಿನ ಆಕಾರ ಹಾಗೇ ಇದೆ. ಎತ್ತಲಿಂದ ಬೆಳಕು ಬಂದರೂ ಹಿಡಿದು ಕೊಳವೆಗೇ ಕೊಡುತ್ತದೆ. ಸೂರ್ಯನ ಹಿಂದೆ ತಿರುಗುವ ಮೋಟರು ಗೀಟರು ಬೇಕಿಲ್ಲ. ಸ್ಪೇನಿನ ಅಲ್ಮೇರಿಯಾದಲ್ಲಿರುವ ಸೌರ ಸಂಶೋಧನಾ ಕೇಂದ್ರದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿರುವುದು ಇಂಥದ್ದೇ ವಿನ್ಯಾಸವನ್ನು. ಗಾಜು ಬೋರೋಸಿಲಿಕೇಟ್, ಲ್ಯಾಬಿನಲ್ಲಿ ಬಳಸುವ ಜಾತಿಯದ್ದು. ಕಿಟಕಿ ಗಾಜು ಬೇಕಾದ ಅತಿನೇರಳೆ ಕಿರಣಗಳಲ್ಲಿ ಒಂದು ಪಾಲನ್ನು ತಾನೇ ನುಂಗಿಬಿಡುತ್ತದೆ. ತಗಡಿನ ಬದಲು ಬೆಳ್ಳಿ ಬಳಿದ ಕನ್ನಡಿ ಹಾಕಬಾರದೇಕೆ ಅಂತ ನಾನೂ ಕೇಳಿದ್ದೆ. ಬೆಳ್ಳಿ ಕಣ್ಣಿಗೆ ಕಾಣುವ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಅತಿನೇರಳೆಯನ್ನು ಅಷ್ಟಾಗಿ ಇಲ್ಲ. ಬೆಳ್ಳಿ ಕೆಲಸ ಮಾಡಿಕೊಂಡೇ ಬೆಳೆದ ನನಗೆ ಇದು ಗೊತ್ತಿರಲಿಲ್ಲ.

ಕೊಳವೆಯೊಳಗೆ ರಿನ್ಸ್ ನೀರು ಸುತ್ತುತ್ತಿರುತ್ತದೆ. ಅದರಲ್ಲಿ ಬೆಳ್ಳಗಿನ ಪುಡಿ, ಟೈಟಾನಿಯಂ ಡೈಆಕ್ಸೈಡ್. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಇರುತ್ತದಲ್ಲ, ಅದೇ ವಸ್ತು, ಇಲ್ಲಿ ತುಂಬಾ ನುಣ್ಣನೆಯ ಪುಡಿ. ಬಿಸಿಲಿನ ಅತಿನೇರಳೆ ಭಾಗ ಅದರ ಮೇಲೆ ಬಿದ್ದರೆ ಒಂದು ಎಲೆಕ್ಟ್ರಾನ್ ಎದ್ದು ಬರುತ್ತದೆ, ಅದು ಎದ್ದ ಜಾಗ ಖಾಲಿ ಉಳಿಯುತ್ತದೆ. ಆ ಎಲೆಕ್ಟ್ರಾನನ್ನು ನೀರಲ್ಲಿ ಕರಗಿರುವ ಬೆಳ್ಳಿ ತಗೊಂಡು ಗಟ್ಟಿ ಬೆಳ್ಳಿಯಾಗಿ ಪುಡಿಯ ಮೇಲೆ ಕೂರುತ್ತದೆ. ಖಾಲಿ ಜಾಗಕ್ಕೆ ಹಸಿವು ಜಾಸ್ತಿ, ಅದು ಸಯನೈಡನ್ನೋ ಬೇರೆ ಸಾವಯವ ಕೊಳೆಯನ್ನೋ ಹಿಡಿದು ಒಡೆಯುತ್ತದೆ. ಕೊಳೆ ಹೋಗುವುದು, ಲೋಹ ಬರುವುದು ಎರಡೂ ಒಟ್ಟಿಗೇ ಆಗುತ್ತವೆ. ಇದು ನಿನ್ನೆ ಮೊನ್ನೆಯ ವಿಷಯವೂ ಅಲ್ಲ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಈ ವಸ್ತುವಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದು ತೋರಿಸಿದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ಇದರಿಂದ ನೀರಿನಲ್ಲಿರುವ ಸಯನೈಡ್ ಒಡೆಯುತ್ತದೆ ಅಂತ ತೋರಿಸಿದರು. ನಮ್ಮ ಶಾಪಿನಿಂದ ಸ್ವಲ್ಪವೇ ದೂರದಲ್ಲಿರುವ ಐಐಎಸ್‌ಸಿಯಲ್ಲಿ ಗಿರಿಧರ್ ಮದ್ರಾಸ್, ಎಂ. ಎಸ್. ಹೆಗ್ಡೆ ಅವರು ಇದೇ ಪುಡಿಯನ್ನು ದಹನ ವಿಧಾನದಲ್ಲಿ ತಯಾರಿಸಿ ಕೊಳೆನೀರಿನ ಮೇಲೆ ಪ್ರಯೋಗ ಮಾಡಿದ್ದಾರೆ. ಯಶವಂತಪುರದ ಆ ಕಡೆ ವಿಜ್ಞಾನ ಇತ್ತು, ಈ ಕಡೆ ನಾವು ಹೈಪೋ ಸುರಿಯುತ್ತಿದ್ದೆವು.

ಮೊದಲ ಬ್ಯಾಚ್ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ಫೆಬ್ರವರಿ, ಒಂದು ಚೂರು ಮೋಡ ಇಲ್ಲ. 200 ಲೀಟರ್ ನೀರು. ಹತ್ತು ಗಂಟೆಗೆ ಶುರು ಮಾಡಿದಾಗ ಕೊಳವೆಯಲ್ಲಿ ಮಜ್ಜಿಗೆ ಹರಿದ ಹಾಗಿತ್ತು. ಹನ್ನೊಂದರ ಹೊತ್ತಿಗೆ ಮಜ್ಜಿಗೆಗೆ ಸ್ವಲ್ಪ ಬೂದಿ ಬೆರೆಸಿದ ಹಾಗೆ ಕಂಡಿತು. ನನ್ನ ಕಣ್ಣೇ ಮೋಸ ಮಾಡುತ್ತಿದೆಯೇನೋ ಅಂತ ಬಿಳಿ ಕಾಗದ ಹಿಡಿದು ನೋಡಿದೆ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದರೆ ಗಾಢ ಬೂದು, ಸಂಜೆಗೆ ಕಂದು ಮಿಶ್ರಿತ ಕಪ್ಪು. ಆ ಕಪ್ಪೇ ಬೆಳ್ಳಿ. ತುಂಬಾ ಸಣ್ಣ ಕಣವಾಗಿದ್ದಾಗ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿರುವ ಹಿರಿಯ ಕೆಲಸಗಾರರು ಕೊಳವೆ ಪಕ್ಕ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ಸುಮ್ನೆ ನೋಡುತ್ತಿದ್ದರು.

ಬೆಳ್ಳಿಯ ವಿಷಯದಲ್ಲಿ ನನ್ನ ದೂರು ಏನೂ ಇಲ್ಲ. ಒಳ್ಳೆ ಬಿಸಿಲಿದ್ದರೆ ಬೆಳಿಗ್ಗೆ ಹತ್ತರಿಂದ ಮೂರರ ತನಕ ಸಾಕು, ಬೆಳ್ಳಿ ಹೆಚ್ಚುಕಡಿಮೆ ಪೂರ್ತಿ ಪುಡಿಗೆ ಬಂದಿರುತ್ತದೆ. ಸಯನೈಡ್ ಅಷ್ಟು ಬೇಗ ಹೋಗುವುದಿಲ್ಲ, ಎರಡನೇ ದಿನವೂ ಸುತ್ತಿಸಬೇಕಾಗುತ್ತದೆ. ಹೊರಗೆ ಬಿಡುವ ನೀರಿನಲ್ಲಿ ಸಯನೈಡ್ ಲೀಟರಿಗೆ 0.2 ಮಿಲಿಗ್ರಾಂ ದಾಟಬಾರದು. ಹಾಗಾಗಿ ಪ್ರತಿ ಬ್ಯಾಚಿಗೂ ಕಿಟ್ ಹಾಕಿ ಪರೀಕ್ಷೆ ಮಾಡುತ್ತೇನೆ, ಉಳಿದಿದ್ದರೆ ಕೊನೆಗೆ ಒಂದಿಷ್ಟು ಹೈಪೋ ಹಾಕುತ್ತೇನೆ. ಮುಂಚೆ ಕ್ಯಾನುಗಟ್ಟಲೆ ಬೇಕಾಗುತ್ತಿತ್ತು, ಈಗ ಲೋಟದ ಲೆಕ್ಕ. ಹೈಪೋ ಪೂರ್ತಿ ನಿಲ್ಲಿಸಬಹುದು ಅಂತ ಮಾರುವಾಗ ಹೇಳಿದ್ದರು, ಅದು ನನ್ನಲ್ಲಿ ಆಗಿಲ್ಲ.

ತಾಮ್ರದ ಕಥೆ ಬೇರೆ. ಆಸಿಡ್ ಕಾಪರ್ ರಿನ್ಸ್ ನೀರಿಗೆ ಒಂದಿಷ್ಟು ಸಿಟ್ರಿಕ್ ಆಸಿಡ್ ಹಾಕಬೇಕು, ಆ ಖಾಲಿ ಜಾಗದ ಹಸಿವಿಗೆ ತಿನ್ನಲು ಏನಾದರೂ ಬೇಕಲ್ಲ. ಗಾಳಿ ಬಿಡಬಾರದು. ಆಗ ಪುಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನೋಡಲು ಬಹಳ ಚೆಂದ. ಮೊದಲ ವಾರ ಹೀಗೆ ನೇರಳೆ ಆಗಿದ್ದನ್ನು ನೋಡಿ ಖುಷಿಯಾಗಿ ಸಂಜೆ ಮನೆಗೆ ಹೋದೆ. ಯಾರೋ ಹುಡುಗರು ಅಭ್ಯಾಸಬಲದಲ್ಲಿ ನೀರಿಗೆ ಗಾಳಿ ಊದುವ ಏರೇಟರ್ ಆನ್ ಮಾಡಿ ಹೋಗಿದ್ದಾರೆ. ಬೆಳಿಗ್ಗೆ ಬಂದು ನೋಡಿದರೆ ಪುಡಿ ಬೆಳ್ಳಗಾಗಿದೆ, ನೀರು ಮತ್ತೆ ತಿಳಿನೀಲಿ! ಬೆಳಕಿಲ್ಲದಾಗ ಗಾಳಿ ತಗುಲಿದರೆ ಕೂತಿದ್ದ ತಾಮ್ರ ಮತ್ತೆ ಕರಗಿಬಿಡುತ್ತದೆ. ಇದನ್ನು ಮೊದಲೇ ನಮಗೆ ಹೇಳಬೇಕಿತ್ತು, ಯಂತ್ರ ಮಾರಿದವರು ಕೊಟ್ಟ ಎರಡು ಪುಟದ ಕೈಪಿಡಿಯಲ್ಲಿ ಈ ಮಾತು ಎಲ್ಲೂ ಇಲ್ಲ. ಈಗ ತಾಮ್ರದ ಬ್ಯಾಚನ್ನು ಬಿಸಿಲಿರುವಾಗಲೇ ಕೆಳಗಿಳಿಸಿ, ಪುಡಿಯನ್ನು ತಕ್ಷಣ ಬೇರೆ ಮಾಡುತ್ತೇವೆ. ನಿಜ ಹೇಳಬೇಕು ಅಂದರೆ ತಾಮ್ರದ ಬೆಲೆಗೆ ಇಷ್ಟು ಕಾವಲು ಕಾಯುವುದು ಲಾಭದ ಕೆಲಸ ಅಲ್ಲ. ನೀರಿನಲ್ಲಿ ತಾಮ್ರ ಲೀಟರಿಗೆ 3 ಮಿಲಿಗ್ರಾಂ ಮಿತಿಯೊಳಗೆ ಬರುತ್ತದೆ ಅನ್ನುವ ಕಾರಣಕ್ಕೆ ಮಾಡುತ್ತಿದ್ದೇನೆ.

ಇಲ್ಲಿ ಒಂದು ಮಾತು ದಯವಿಟ್ಟು ಎರಡು ಸಲ ಓದಿ. ತಾಮ್ರದ ಸಾಲಿಗೆ ಸಿಟ್ರಿಕ್ ಆಸಿಡ್ ಬೇಕು, ಬೆಳ್ಳಿಯ ಸಾಲಿನಲ್ಲಿ ಸಯನೈಡ್ ಇದೆ. ಇವೆರಡೂ ಒಂದು ಕಡೆ ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಅಲ್ಲಿರುವವರು ಉಳಿಯುವುದಿಲ್ಲ. ಸಯನೈಡ್ ನೀರಿನ ಪಿಎಚ್ ಯಾವಾಗಲೂ 10.5ಕ್ಕಿಂತ ಮೇಲಿರಲೇಬೇಕು. ಮಾರಿದವರು ಮೊದಲು ಒಂದೇ ಯಂತ್ರದಲ್ಲಿ ಎರಡನ್ನೂ ಒಂದಾದ ಮೇಲೊಂದು ಓಡಿಸಬಹುದು, ಮಧ್ಯೆ ತೊಳೆದರೆ ಸಾಕು ಅಂದಿದ್ದರು. ನಾನು ಒಪ್ಪಲಿಲ್ಲ. ಜಗಳ ಆಡಿ, ಇಪ್ಪತ್ತೆಂಟು ಸಾವಿರ ಜಾಸ್ತಿ ಕೊಟ್ಟು, ಕೊಳವೆ ಸಾಲು ಎರಡು ಭಾಗ ಮಾಡಿಸಿ, ಪಂಪು, ಪೈಪು, ಬಕೆಟ್ಟು ಎಲ್ಲ ಬೇರೆ ಮಾಡಿಸಿದೆ. ಬೆಳ್ಳಿಯದಕ್ಕೆ ಕೆಂಪು ಬಣ್ಣ, ತಾಮ್ರದ್ದಕ್ಕೆ ನೀಲಿ. ತಾರಸಿಗೆ ಒಬ್ಬರೇ ಹೋಗುವಂತಿಲ್ಲ. ನೀವು ಹಾಕಿಸುವುದಾದರೆ ಇದರಲ್ಲಿ ಒಂದು ರೂಪಾಯಿಯೂ ಉಳಿಸಬೇಡಿ.

ನಿಕಲ್? ಬರುವುದಿಲ್ಲ. ಮಾರಾಟದ ಕಾಗದದಲ್ಲಿ "ಎಲ್ಲಾ ಲೋಹಗಳೂ" ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಎರಡು ವಾರ ನಿಕಲ್ ರಿನ್ಸ್ ಸುತ್ತಿಸಿದೆ, ಹಸಿರು ಹಸಿರಾಗೇ ಉಳಿಯಿತು. ಆಮೇಲೆ ಓದಿ ತಿಳಿದುಕೊಂಡೆ. ಚಿನ್ನ, ಪಲ್ಲೇಡಿಯಂ, ಬೆಳ್ಳಿ ಎಲೆಕ್ಟ್ರಾನನ್ನು ಕೈ ಚಾಚಿ ತಗೊಳ್ಳುವ ಜಾತಿಯವು. ತಾಮ್ರ ಸ್ವಲ್ಪ ಒತ್ತಾಯ ಮಾಡಿದರೆ ತಗೊಳ್ಳುತ್ತದೆ. ನಿಕಲ್, ಸತುವಿಗೆ ಕೊಡುವಷ್ಟು ಬಲ ಈ ಪುಡಿಯ ಎಲೆಕ್ಟ್ರಾನಿಗೆ ಇಲ್ಲ. ಇದು ಯಂತ್ರದ ತಪ್ಪಲ್ಲ, ಆ ಲೋಹಗಳ ಗುಣವೇ ಹಾಗೆ. ಮಾರುವವರಿಗೆ ಇದು ಗೊತ್ತಿರಲೇಬೇಕು, ಗೊತ್ತಿದ್ದೂ ಹಾಗೆ ಬರೆದಿದ್ದು ನನಗೆ ಬೇಸರ ತರಿಸಿತು. ನಿಕಲ್‌ಗೆ ಈಗಲೂ ಲೋಹ ಹಿಡಿದಿಟ್ಟುಕೊಳ್ಳುವ ರಾಳದ ಮಣಿ ತುಂಬಿದ ರೆಸಿನ್ ಕಾಲಮ್ಮೇ ಗತಿ.

ಕ್ರೋಮ್ ವಿಷಯದಲ್ಲಿ ಲೋಹ ಕೈಗೆ ಸಿಗುವುದಿಲ್ಲ, ಆದರೆ ವಿಷ ಇಳಿಯುತ್ತದೆ. ಹಳದಿ ನೀರು ಬಿಸಿಲಲ್ಲಿ ನಿಧಾನಕ್ಕೆ ಹಸಿರಾಗುತ್ತದೆ, ಅಂದರೆ ಆರು ವೇಲೆನ್ಸಿಯ ಕೆಟ್ಟ ಕ್ರೋಮಿಯಂ ಮೂರಕ್ಕೆ ಇಳಿಯಿತು ಅಂತ. ಆಮೇಲೆ ಸುಣ್ಣ ಹಾಕಿ ಕೂರಿಸಲೇಬೇಕು, ಸ್ಲಡ್ಜ್ ಆಗೇ ಆಗುತ್ತದೆ. ಮೆಟಾಬೈಸಲ್ಫೈಟ್ ಹಾಕಿದರೆ ಇದೇ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಖರ್ಚೂ ಕಡಿಮೆ. ಗಂಧಕದ ಘಾಟು ಮಾತ್ರ ಗಂಟಲು ಹಿಡಿಯುತ್ತದೆ. ನಮ್ಮಲ್ಲಿ ಕ್ರೋಮ್ ಕೆಲಸ ಕಡಿಮೆ, ಹಾಗಾಗಿ ಮೆಟಾಬೈಸಲ್ಫೈಟಿಗೇ ವಾಪಸ್ ಹೋದೆ.

ಬಿಸಿಲು ಬಿಸಿಲು ಅನ್ನುತ್ತೇವೆ, ಈ ಪುಡಿಗೆ ಅದರಲ್ಲಿ ಬೇಕಾದದ್ದು ನೂರಕ್ಕೆ ನಾಲ್ಕೈದು ಭಾಗ ಮಾತ್ರ, ತರಂಗಾಂತರ ಸುಮಾರು 388 ನ್ಯಾನೋಮೀಟರಿನ ಒಳಗಿರುವ ಕಿರಣ. ಉಳಿದಿದ್ದು ಸುಮ್ನೆ ನೀರು ಬೆಚ್ಚಗೆ ಮಾಡುತ್ತದೆ ಅಷ್ಟೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಹದಿಮೂರನೇ ಅಕ್ಷಾಂಶದ ಹತ್ತಿರ, ಹಾಗಾಗಿ ಫೆಬ್ರವರಿಯಿಂದ ಏಪ್ರಿಲ್ ತನಕ ನಮಗೆ ಸಿಗುವ ಬಿಸಿಲು ಚಿನ್ನದಂಥದ್ದು. ಜೂನ್ ಬಂತು ನೋಡಿ, ಮೋಡ ಕವುಚಿಕೊಂಡಿತು. ಮೋಡದಲ್ಲೂ ಅತಿನೇರಳೆ ಒಂದಷ್ಟು ಇಳಿದು ಬರುತ್ತದೆ, ಕೆಲಸ ಪೂರ್ತಿ ನಿಲ್ಲುವುದಿಲ್ಲ. ಆದರೆ ಮಾರ್ಚಿನಲ್ಲಿ ಐದು ಗಂಟೆ ಹಿಡಿದ ಬ್ಯಾಚ್ ಜುಲೈನಲ್ಲಿ ಎರಡೂವರೆ ದಿನ ಹಿಡಿಯಿತು. ರಿನ್ಸ್ ನೀರು ಕಾಯುವುದಿಲ್ಲ, ಆರ್ಡರ್ ಕಾಯುವುದಿಲ್ಲ. ಸಾವಿರ ಲೀಟರಿನ ಇನ್ನೊಂದು ಟ್ಯಾಂಕ್ ತಂದು, ಬೀಗ ಹಾಕುವ ಶೆಡ್ಡಿನಲ್ಲಿಟ್ಟು, ನೀರು ಕೂಡಿಡಬೇಕಾಯಿತು. ಇದರ ಖರ್ಚನ್ನೂ ನಿಮ್ಮ ಲೆಕ್ಕಕ್ಕೆ ಮೊದಲೇ ಸೇರಿಸಿಕೊಳ್ಳಿ.

ಇನ್ನು ದಿನನಿತ್ಯದ ಕಿರಿಕಿರಿಗಳು. ಪೀಣ್ಯದ ಧೂಳು ಎಲ್ಲರಿಗೂ ಗೊತ್ತಿದ್ದದ್ದೇ. ಒಂದು ವಾರ ಒರೆಸದಿದ್ದರೆ ಕೊಳವೆ ಮಬ್ಬಾಗುತ್ತದೆ, ಪ್ರತಿ ಸೋಮವಾರ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಒರೆಸುತ್ತೇವೆ. ಒಳಗಡೆ ಬೋರ್‌ವೆಲ್ ನೀರಿನ ಗಡಸುತನ ಬಿಳಿ ಪದರ ಕಟ್ಟುತ್ತದೆ, ಈಗ ಕೊನೆಯ ರಿನ್ಸ್‌ಗಳಿಗೆ ಮಳೆನೀರು ಬಳಸುತ್ತಿದ್ದೇವೆ. ಎಲ್ಲಕ್ಕಿಂತ ತಲೆನೋವು ಆ ಪುಡಿಯನ್ನು ನೀರಿಂದ ಬೇರೆ ಮಾಡುವುದು. ಯಂತ್ರದವರು ಕೊಟ್ಟ ಬಟ್ಟೆ ಫಿಲ್ಟರಿನಲ್ಲಿ ಪುಡಿ ಹಾಲಿನ ಹಾಗೆ ಇಳಿದುಹೋಯಿತು. ಬೆಳ್ಳಿ ಕೂತ ಪುಡಿ ಚರಂಡಿ ಪಾಲಾದರೆ ಇಷ್ಟೆಲ್ಲ ಮಾಡಿ ಏನು ಪ್ರಯೋಜನ, ಅಲ್ವಾ? ಸಯನೈಡ್ ಪೂರ್ತಿ ಹೋಗಿದೆ ಅಂತ ಎರಡು ಸಲ ಪರೀಕ್ಷೆ ಮಾಡಿದ ಮೇಲೆ ಪಿಎಚ್ ಅನ್ನು ಆರೂವರೆ ಏಳಕ್ಕೆ ತಂದರೆ ಪುಡಿ ತಾನೇ ಗಂಟು ಕಟ್ಟಿ ತಳಕ್ಕೆ ಕೂರುತ್ತದೆ. ರಾತ್ರಿ ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು, ಕೆಳಗೆ ಕರಿ ಕೆಸರು. ಇದಕ್ಕಾಗಿ ತಳ ಚೂಪಾದ ಟ್ಯಾಂಕ್ ನಾವೇ ಮಾಡಿಸಿಕೊಂಡೆವು.

ಸರ್ವೀಸ್ ಬಗ್ಗೆ ಹೇಳಲೇಬೇಕು. ಜುಲೈನಲ್ಲಿ ಪಂಪಿನ ಸೀಲ್ ಹೋಯಿತು. ಒಂಬತ್ತು ದಿನ ಫೋನ್ ಮಾಡಿದೆ. "ನಾಳೆ ಸಾರ್, ನಾಡಿದ್ದು ಸಾರ್" ಅಂತಲೇ ಕಳೆದರು. ಸಯನೈಡ್ ನೀರು ತುಂಬಿದ ಟ್ಯಾಂಕ್ ಇಟ್ಟುಕೊಂಡು ಒಂಬತ್ತು ದಿನ ಕಾಯುವುದು ಏನು ಅಂತ ಅವರಿಗೆ ಅರ್ಥ ಆಗಲಿಲ್ಲ. ಕೊನೆಗೆ ನಮ್ಮ ಬೀದಿಯ ಮೆಕ್ಯಾನಿಕ್ಕೇ ಬಂದು ಸರಿ ಮಾಡಿದ್ದು. ಆದರೆ ತಿಂಗಳಿಗೊಮ್ಮೆ ಕರಿ ಪುಡಿ ತಗೊಂಡು ಹೋಗಿ, ನೈಟ್ರಿಕ್ ಆಸಿಡ್‌ನಲ್ಲಿ ಬೆಳ್ಳಿ ಕರಗಿಸಿ, ಪುಡಿ ಬೆಳ್ಳಗೆ ಮಾಡಿ ವಾಪಸ್ ಕೊಡುವ ಕೆಲಸವನ್ನು ಮಾತ್ರ ಒಂದು ಸಲವೂ ತಪ್ಪಿಸಿಲ್ಲ, ತೂಕದಲ್ಲೂ ಮೋಸ ಇಲ್ಲ. ಒಮ್ಮೆ ನಾನೇ ಸ್ಯಾಂಪಲ್ ಬೇರೆ ಕಡೆ ಕೊಟ್ಟು ನೋಡಿದೆ, ಲೆಕ್ಕ ಸರಿಯಾಗಿತ್ತು.

ದುಡ್ಡಿನ ಲೆಕ್ಕ ಕೇಳುತ್ತೀರಿ. ಯಂತ್ರಕ್ಕೆ, ಎರಡು ಸಾಲು ಮಾಡಿಸಿದ್ದೂ ಸೇರಿ, ಎರಡು ಲಕ್ಷ ಎಪ್ಪತ್ತು ಸಾವಿರ. ಟ್ಯಾಂಕುಗಳಿಗೆ ಇಪ್ಪತ್ತೆರಡು ಸಾವಿರ. ಹತ್ತು ತಿಂಗಳಲ್ಲಿ ಕೈಗೆ ಬಂದ ಬೆಳ್ಳಿ 470 ಗ್ರಾಂ. ಹೈಪೋ ಖರ್ಚು, ಸ್ಲಡ್ಜ್ ಖರ್ಚು ಇಳಿದಿದ್ದನ್ನೂ ಸೇರಿಸಿದರೆ ಹಾಕಿದ ದುಡ್ಡು ನಾಲ್ಕು ವರ್ಷದ ಹತ್ತಿರ ಹತ್ತಿರ ವಾಪಸ್ ಬರುತ್ತದೆ. ಬೆಳ್ಳಿಯೋ ಚಿನ್ನವೋ ಲೇಪಿಸುವ ಶಾಪ್ ಆಗಿದ್ದರೆ ಹಾಕಿಸಿ. ಬರೀ ನಿಕಲ್, ಸತು ಮಾಡುವವರು ಇದರ ಕಡೆ ನೋಡಬೇಡಿ. ಎಲೆಕ್ಟ್ರಾಲಿಸಿಸ್ ತೊಟ್ಟಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಅದು ಅಗ್ಗ, ಗಟ್ಟಿ ರಿನ್ಸ್‌ಗೆ ಅದೇ ಸರಿ. ಬಿಸಿಲು ಬೇಕಾಗುವುದು ಅದು ಬಿಟ್ಟುಹೋದ ತೆಳು ನೀರಿಗೆ. ಎಲ್ಲಾ ರಿನ್ಸ್ ನೀರನ್ನೂ ಒಂದೇ ತೊಟ್ಟಿಗೆ ಬಿಡುವ ಅಭ್ಯಾಸ ಇದ್ದವರು ಅದನ್ನು ಬಿಡದೆ ಈ ಯಂತ್ರ ತಂದರೆ ದುಡ್ಡು ದಂಡ.

ನಾನು ಲೆಕ್ಕದಲ್ಲಿ ಬರೆಯದ ಒಂದು ಕಾರಣವೂ ಇದೆ. ನಮ್ಮ ಕಡೆಯ ನೀರು ಇಳಿಯುವುದು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟಿದ ಹೊಳೆ ಅಂತ ಹೇಳುತ್ತೇವೆ, ಗಾಳಿ ಆಂಜನೇಯನ ಗುಡಿ ಅದರ ದಡದಲ್ಲೇ ಇದೆ, ಈಗ ಮೈಸೂರು ರಸ್ತೆಯಲ್ಲಿ ಅದನ್ನು ದಾಟುವಾಗ ಬಸ್ಸಿನ ಕಿಟಕಿ ಮುಚ್ಚುತ್ತೇವೆ. ಅದೇ ನೀರು ಕೆಂಗೇರಿ, ಬಿಡದಿ ದಾಟಿ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿನ ರೈತರು ಅದನ್ನೇ ಹೊಲಕ್ಕೆ ಹಾಯಿಸುತ್ತಾರೆ, ಆ ಸೊಪ್ಪು ತರಕಾರಿ ಮತ್ತೆ ಊರ ಕಡೆಗೇ ಬರುತ್ತದೆ. ನನ್ನ 200 ಲೀಟರು ಆ ಹೊಳೆಗೆ ಎಷ್ಟು ಅಂತ ಕೇಳಿದವರಿದ್ದಾರೆ. ನನ್ನ ತೊಟ್ಟಿಯ ನೀರಿಗೆ ನಾನೇ ಜವಾಬ್ದಾರ, ಅಷ್ಟು ನನಗೆ ಗೊತ್ತು.

ಮೊನ್ನೆ ಅಪ್ಪನಿಗೆ ಎಂಬತ್ತು ತುಂಬಿತು. ಮೊದಲ ಮೂರು ತಿಂಗಳ ಬೆಳ್ಳಿಯನ್ನು ಕರಗಿಸಿ ಮಾಡಿಸಿದ ಗಟ್ಟಿಯನ್ನು ಅವರ ಅಂಗೈಯಲ್ಲಿಟ್ಟೆ. ಕಿತ್ತಳೆ ಹಣ್ಣಿನ ತೊಳೆಯಷ್ಟು ಇತ್ತು. ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದು ಎರಡನೇ ರಿನ್ಸ್‌ದಾ?" ಅಂತ ಕೇಳಿದರು. ಹೌದು ಅಂದೆ. "ಹುಡುಗರು ಹತ್ತು ಎಣಿಸುತ್ತಿದ್ದಾರಾ ಇಲ್ವಾ?" ಅಂದರು.

ಮುಂದಿನ ವರ್ಷದ ಸರ್ವೀಸ್ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದೇನೆ. ಎರಡು ಷರತ್ತು ಕಾಗದದಲ್ಲಿ ಬರೆಸಿಕೊಂಡಿದ್ದೇನೆ: ಪಂಪು ಕೆಟ್ಟರೆ 48 ಗಂಟೆಯೊಳಗೆ ಜನ ಬರಬೇಕು, ಮತ್ತು ಮಾರಾಟದ ಕಾಗದದಿಂದ "ಎಲ್ಲಾ ಲೋಹಗಳೂ" ಅನ್ನುವುದನ್ನು ತೆಗೆಯಬೇಕು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಹೊಸ ಕಾಗದ ಅಚ್ಚಾದ ಮೇಲೆ ಒಂದು ಪ್ರತಿ ಕಳಿಸುತ್ತೇವೆ ಅಂದಿದ್ದಾರೆ, ಅದು ಬಂದ ದಿನ ಸಹಿ.